ಐಫೋನಿಗೆ ಬನ್ನಿರೆನ್ನುವವರಿಗೆ



ಸ್ಮಾರ್ಟ್‌ಫೋನ್‌ಗಳಲ್ಲಿ ಈಗ ಹೆಚ್ಚುಕಡಿಮೆ ಎರಡೇ ಜಾತಿಗಳು ಉಳಿದಿವೆ. ಗೂಗಲ್ ಕಂಪನಿಯ ಆಂಡ್ರಾಯ್ಡ್ ಒಂದು, ಆಪಲ್ ಕಂಪನಿಯ ಐಫೋನಿನೊಳಗಿರುವ ಐಒಎಸ್ ಇನ್ನೊಂದು. ಫೋನಿನ ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶಗಳಿವು. ನೋಕಿಯಾದ ಸಿಂಬಿಯನ್ ಕಣ್ಮರೆಯಾಯಿತು. ವಿಂಡೋಸ್ ಫೋನಿಗೆ ವಾಟ್ಸಾಪ್ 2019ರ ಡಿಸೆಂಬರ್ 31ಕ್ಕೆ ವಿದಾಯ ಹೇಳಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳ ಸೇವೆ 2022ರ ಜನವರಿ 4ರಂದು ನಿಂತಿತು. ಉಳಿದಿರುವ ಈ ಎರಡರಲ್ಲಿ ಶ್ರೇಷ್ಠವಾದುದು ಯಾವುದೆಂಬ ಜಗಳ ಬೆಂಗಳೂರಿನಲ್ಲಷ್ಟೇ ನಡೆಯುತ್ತಿದೆ ಎಂದು ತಿಳಿಯಬೇಡಿ. ನಮ್ಮ ಹುನ್ನೂರಿನ ಕಟ್ಟೆಯ ಮೇಲೂ ನಡೆಯುತ್ತದೆ. ಬೆಂಗಳೂರು, ಪುಣೆಗಳಲ್ಲಿ ನೌಕರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆಂದು ಊರಿಗೆ ಬಂದಾಗ ಅದರ ಕಾವು ಇನ್ನೂ ಏರುತ್ತದೆ. "ಸರ, ನಿಮ್ಮಂಥಾವ್ರು ಇನ್ನೂ ಇಂಥಾ ಫೋನ್ ಹಿಡ್ಕೊಂಡು ಅಡ್ಡಾಡಾಕತ್ತೀರೇನ್ರಿ? ಬಿಟ್ಟು ಐಫೋನಿಗೆ ಬರ್ರಿ" ಎಂದು ಅವರು ನನಗೆ ಉಪದೇಶ ಮಾಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಇದಕ್ಕೊಂದು ಉತ್ತರ ಕೊಡುವುದು ಅಗತ್ಯವೆಂದು ನನಗೆ ತೋರಿದೆ.

ಅವರ ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಐಫೋನಿಗೆ ಹಲವು ವರ್ಷಗಳವರೆಗೆ ಸುಧಾರಿತ ತಂತ್ರಾಂಶ ಬರುತ್ತಲೇ ಇರುತ್ತದೆ ಎಂಬುದು ನಿಜ. ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಎರಡು ಮೂರು ವರ್ಷಗಳಿಗೇ ಅದು ನಿಂತುಹೋಗುವುದುಂಟು. ಪೆಟ್ಟಿಗೆಯಿಂದ ತೆಗೆಯುವಾಗಲೇ ಬೇಡದ ಆ್ಯಪುಗಳು ಅವುಗಳಲ್ಲಿ ತುಂಬಿರುತ್ತವೆ ಎಂಬುದೂ ಸುಳ್ಳಲ್ಲ. ಐಫೋನಿನ ಕ್ಯಾಮೆರಾ ಚೆನ್ನಾಗಿದೆ, ಹಳತಾದ ಮೇಲೂ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ. ಎಲ್ಲವನ್ನೂ ಒಪ್ಪಿದೆ. ಯಾರೂ ಬಾಯಿಬಿಟ್ಟು ಹೇಳದ ಕಾರಣವೊಂದು ಉಳಿಯುತ್ತದೆ. ಲಗ್ನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಆ ಕಚ್ಚಿದ ಸೇಬಿನ ಚಿತ್ರ ಎಲ್ಲರಿಗೂ ಕಾಣುವಂತೆ ಫೋನನ್ನು ಬೋರಲು ಇಡುತ್ತಾರಲ್ಲ, ಆ ಕಾರಣ. ಅದಕ್ಕೆ ಉತ್ತರ ಹೇಳುವ ಶಕ್ತಿ ನನಗಿಲ್ಲ.

ನಾನು ಕೇಳುವ ಪ್ರಶ್ನೆ ಬೇರೆ. ಕನ್ನಡವೊಂದನ್ನೇ ಬಲ್ಲ ಮನುಷ್ಯನಿಗೆ ಈ ಫೋನು ಏನು ಕೊಟ್ಟಿದೆ, ಎಂದಿನಿಂದ ಕೊಟ್ಟಿದೆ?

ಫೋನಿನಲ್ಲಿ ಕನ್ನಡ ಎಂದರೆ ಮೂರು ಬೇರೆ ಬೇರೆ ಸಂಗತಿಗಳು. ಕನ್ನಡ ಅಕ್ಷರ ಕಾಣುವುದು ಮೊದಲನೆಯದು. ಕನ್ನಡದಲ್ಲಿ ಬರೆಯಲು ಕೀಲಿಮಣೆ ಇರುವುದು ಎರಡನೆಯದು. ಫೋನು ತಾನೇ ಕನ್ನಡದಲ್ಲಿ ಮಾತನಾಡುವುದು, ಅಂದರೆ ಅದರ ಪಟ್ಟಿಗಳು, ಎಚ್ಚರಿಕೆಗಳು, ಪ್ರಶ್ನೆಗಳು ಎಲ್ಲವೂ ಕನ್ನಡದಲ್ಲಿರುವುದು ಮೂರನೆಯದು. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಒಂದನೆಯದಕ್ಕೇ ಗತಿಯಿರಲಿಲ್ಲ. ಕನ್ನಡ ಪತ್ರಿಕೆಯ ತಾಣ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದವು. ಆಪೆರಾ ಮಿನಿ ಎಂಬ ಬ್ರೌಸರಿನ ಒಳಗುಟ್ಟಿನ ಪುಟಕ್ಕೆ ಹೋಗಿ, ಅಕ್ಷರಗಳನ್ನು ಚಿತ್ರವಾಗಿ ತರಿಸುವ ಆಯ್ಕೆಯನ್ನು ಒತ್ತಿ, ಕನ್ನಡ ಓದುತ್ತಿದ್ದ ದಿನಗಳು ನೆನಪಿದ್ದವರಿಗೆ ನೆನಪಿರಬಹುದು. ಆದರೆ 2014ರ ನವೆಂಬರಿನಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿ ಕನ್ನಡವನ್ನು ಪೂರ್ಣ ವ್ಯವಸ್ಥೆಯ ಭಾಷೆಯಾಗಿ ಸೇರಿಸಿಕೊಂಡಿತು. ಮೂರನೆಯ ಮೆಟ್ಟಿಲನ್ನು ಅದು ಅಂದೇ ಹತ್ತಿತು. 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವ ಸೌಲಭ್ಯವನ್ನೂ ಕೊಟ್ಟಿತು. ಓದು ಬರಹ ಕಡಿಮೆಯಿದ್ದವರಿಗೆ ಇದರಷ್ಟು ಉಪಕಾರವಾದುದು ಇನ್ನೊಂದಿಲ್ಲ.

ಇನ್ನು ಐಫೋನಿನ ಕಡೆ ನೋಡೋಣ. ಭಾರತದಲ್ಲಿ ಅದರ ಮಾರಾಟ ಆರಂಭವಾದುದು 2008ರ ಆಗಸ್ಟ್ 22ರಂದು. ಅದರದೇ ಕನ್ನಡ ಕೀಲಿಮಣೆ ಬಂದುದು 2017ರ ಐಒಎಸ್ 11ರಲ್ಲಿ. ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಭಾರತದ 22 ಭಾಷೆಗಳನ್ನು ಓದಲು ಬರಬೇಕು, ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂಬ ಸರ್ಕಾರಿ ಮಾನಕ, ಐಎಸ್ 16333ರ ಮೂರನೆಯ ಭಾಗ, ಜಾರಿಯ ಹಂತಕ್ಕೆ ಬಂದುದೂ ಆ ಹೊತ್ತಿನಲ್ಲಿಯೇ. ಇವೆರಡಕ್ಕೂ ಸಂಬಂಧವಿದೆಯೋ ಇಲ್ಲವೋ ಓದುಗರೇ ಊಹಿಸಲಿ. ಐಫೋನಿನ ಪಟ್ಟಿಗಳು ಕನ್ನಡದಲ್ಲಿ ಬಂದುದಂತೂ 2025ರ ಮಾರ್ಚ್ 31ರಂದು, ಐಒಎಸ್ 18.4 ಬಿಡುಗಡೆಯಾದಾಗ. ಬಂಗಾಳಿ, ತಮಿಳು, ತೆಲುಗು, ಮರಾಠಿ ಮುಂತಾದ ಒಂಬತ್ತು ಭಾಷೆಗಳೊಡನೆ ನಮಗೂ ಒಂದು ಮಣೆ ಹಾಕಿದರು. ಹಿಂದಿಗೆ ಆ ಮಣೆ ಬಹಳ ಮೊದಲೇ ಸಿಕ್ಕಿತ್ತು. ಲೆಕ್ಕ ಹಾಕಿ ನೋಡಿ. ಮಾರಾಟ ಆರಂಭವಾಗಿ ಹದಿನಾರು ವರ್ಷಗಳಿಗೂ ಮೇಲೆ, ಆಂಡ್ರಾಯ್ಡಿಗಿಂತ ಹತ್ತು ವರ್ಷಗಳಿಗೂ ತಡವಾಗಿ.

ಈ ಹದಿನಾರು ವರ್ಷಗಳಲ್ಲಿ ಕರ್ನಾಟಕ ಅವರಿಗೆ ಅಪರಿಚಿತವಾಗಿತ್ತೇ? ಭಾರತದಲ್ಲಿ ಐಫೋನಿನ ಜೋಡಣೆ ಮೊದಲು ಆರಂಭವಾದುದೇ 2017ರಲ್ಲಿ, ಬೆಂಗಳೂರಿನಲ್ಲಿ. ಆಮೇಲೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಬಂದಿತು, 2023ರಲ್ಲಿ ಅದು ಟಾಟಾದವರ ಕೈ ಸೇರಿತು. ಈಗ ದೇವನಹಳ್ಳಿಯಲ್ಲಿಯೂ ತಯಾರಾಗುತ್ತಿದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಪಾಳಿಯ ಮೇಲೆ ನಿಂತು ಜೋಡಿಸಿದ ಫೋನು ಅವರ ತಾಯಂದಿರ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಲು ಇಷ್ಟು ವರ್ಷ ಬೇಕಾಯಿತು. ಕನ್ನಡಿಗನ ಬೆರಳು ಬೇಕು, ನುಡಿ ಬೇಡ ಎಂದರೆ ಇದಲ್ಲದೆ ಇನ್ನೇನು?

"ಬಿಡ್ರಿ ಸರ, ಮೆನ್ಯೂ ಇಂಗ್ಲಿಷಿನ್ಯಾಗ ಇದ್ರ ಏನಾತು, ನಾಕು ಶಬ್ದ ಕಲಿಯೂದು" ಎನ್ನುವವರಿದ್ದಾರೆ. ಏನಾಯಿತೆಂದು ಹೇಳುತ್ತೇನೆ.

ನಮ್ಮ ಈ ಸೀಮೆ ಪಟವರ್ಧನರ ಜಮಖಂಡಿ ಸಂಸ್ಥಾನದ ಸೀಮೆ. ಆಡುವ ಭಾಷೆ ಕನ್ನಡ, ದರಬಾರಿನ ಕಾಗದ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಇಲ್ಲಿಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಅಂಥ ಹೊಲದ ಕಾಗದಗಳು ಸಿಗುತ್ತವೆ. ನಮ್ಮ ಮನೆಯಲ್ಲಿಯೂ ಒಂದಿದೆ. ಓದಿಸಬೇಕೆಂದರೆ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಅದರ ಕೊನೆಯಲ್ಲಿ ನಮ್ಮ ಮುತ್ತಜ್ಜನ ಹೆಬ್ಬೆಟ್ಟಿನ ಗುರುತು ಇದೆ. ತಾನು ಒಪ್ಪಿದ್ದು ಏನೆಂಬುದನ್ನು ಆತ ಓದಿ ತಿಳಿಯುವಂತಿರಲಿಲ್ಲ. ಬರೆದವನು ಬಾಯಿಂದ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದ, ಅಷ್ಟೇ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ 19ನೆಯ ಶತಮಾನದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದುದು ಭಾಷಾಭಿಮಾನದ ಭಾಷಣಕ್ಕಾಗಿ ಅಲ್ಲ. ಹೆಬ್ಬೆಟ್ಟು ಒತ್ತುವವನು ಅದಕ್ಕೆ ಮುಂಚೆ ಓದುವಂತಾಗಲಿ ಎಂಬುದಕ್ಕಾಗಿ.

ಇಂದು ನಮ್ಮ ಅಕ್ಕ, ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲೆ ಕಲಿತವಳು, ಫೋನಿನ ಗಾಜಿನ ಮೇಲೆ ಅದೇ ಹೆಬ್ಬೆಟ್ಟನ್ನು ಒತ್ತುತ್ತಾಳೆ. ಯಾವುದೋ ಆ್ಯಪು ಅವಳ ಸಂದೇಶಗಳನ್ನು ಓದಲು ಅನುಮತಿ ಕೇಳುತ್ತದೆ. ಇಂಗ್ಲಿಷಿನಲ್ಲಿ ಕೇಳಿದರೆ ಅವಳಿಗೆ ಕಾಣುವುದು ಎರಡು ಗುಂಡಿಗಳು ಮಾತ್ರ. ಯಾವುದನ್ನು ಒತ್ತಿದರೆ ಅಡ್ಡಿ ತೊಲಗುವುದೋ ಅದನ್ನು ಒತ್ತುತ್ತಾಳೆ. ಬ್ಯಾಂಕಿನ ಒಟಿಪಿ ಬರುವುದೂ ಅದೇ ಸಂದೇಶದ ಪೆಟ್ಟಿಗೆಗೆ. ನಮ್ಮ ಓಣಿಯ ಒಬ್ಬ ತಾಯಿ ಹೀಗೆಯೇ ಒಂದು ಗುಂಡಿ ಒತ್ತಿ, ಕಬ್ಬಿನ ಬಿಲ್ಲಿನಲ್ಲಿ ಉಳಿಸಿದ ಹಣ ಕಳೆದುಕೊಂಡಳು. ಅಕ್ಕನ ಫೋನನ್ನು ನಾನು ಕನ್ನಡಕ್ಕೆ ತಿರುಗಿಸಿ ಕೊಟ್ಟ ಮೇಲೆ ಅವಳು ಗುಂಡಿ ಒತ್ತುವ ಮೊದಲು ಗಟ್ಟಿಯಾಗಿ ಓದುತ್ತಾಳೆ. ಒಮ್ಮೊಮ್ಮೆ "ಇದು ಯಾಕ ಬೇಕಂತ ಇವ್ರಿಗೆ?" ಎಂದು ನನ್ನನ್ನೇ ಕೇಳುತ್ತಾಳೆ. ಎಂಜಿನಿಯರಾದ ನಮ್ಮ ಹುಡುಗರು ಕೇಳದ ಪ್ರಶ್ನೆ ಅದು.

ಆ ಕನ್ನಡ ಸರಿಯಾಗಿದೆ ಎಂದು ನಾನು ಹೇಳಲಾರೆ. ಭಾಷೆ ಕಲಿಸಿದವನಾದ್ದರಿಂದ ಅಲ್ಲಲ್ಲಿ ಕೆಂಪು ಶಾಯಿ ಹಚ್ಚಬೇಕೆನಿಸುತ್ತದೆ. 'ಅಧಿಸೂಚನೆ' ಎಂದರೆ ನಮ್ಮ ಜನಕ್ಕೆ ಚುನಾವಣಾಧಿಕಾರಿಯ ನೆನಪಾಗುತ್ತದೆ. ಆದರೆ ಬಳಸುವವರಿಲ್ಲದ ಭಾಷೆಯನ್ನು ತಿದ್ದುವವರೂ ಇರುವುದಿಲ್ಲ.

"ಈಗಂತೂ ಐಫೋನಿನ್ಯಾಗೂ ಕನ್ನಡ ಬಂತಲ್ರಿ ಸರ, ಇನ್ನೇನ್ ತಕರಾರು?" ಎಂದು ಚತುರನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನಾನು ಅವನಿಗೆ ಮರುಪ್ರಶ್ನೆ ಹಾಕಿದೆ, "ನಿನ್ನ ಫೋನು ಯಾವ ಭಾಷೆಯಲ್ಲಿದೆ, ತೋರಿಸು." ಇಂಗ್ಲಿಷಿನಲ್ಲಿತ್ತು. ಅವನ ಜೊತೆಗಾರರಿಬ್ಬರದೂ ಇಂಗ್ಲಿಷಿನಲ್ಲಿಯೇ ಇತ್ತು. ತಮ್ಮ ಫೋನಿನಲ್ಲಿ ಕನ್ನಡ ಬಂದಿದೆ ಎಂದು ವಾದಕ್ಕೆ ಬಳಸುತ್ತಾರೆ, ಬೆರಳಿಗೆ ಬಳಸುವುದಿಲ್ಲ. ಲಕ್ಷ ರೂಪಾಯಿಯ ಆಸುಪಾಸಿನ ವಸ್ತು ಕೊಳ್ಳುವ ಗಿರಾಕಿ ತನ್ನ ಭಾಷೆಯನ್ನು ಬೇಡದಿದ್ದರೆ ಅಂಗಡಿಯವನೇಕೆ ಕೊಟ್ಟಾನು?

ಇನ್ನೊಂದು ಕಾರಣ ನನ್ನ ಹಳೆಯ ವೃತ್ತಿಗೆ ಸೇರಿದ್ದು. ಸಂಜೆಯ ಹೊತ್ತು ನಮ್ಮ ಮನೆಯ ಕಟ್ಟೆಗೆ ನಾಲ್ಕಾರು ಜನ ಫೋನು ಹಿಡಿದುಕೊಂಡು ಬರುತ್ತಾರೆ. 2020ರ ಮುಂಗಾರಿನಿಂದ ನಮ್ಮ ಸರ್ಕಾರ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪನ್ನು ಪ್ಲೇ ಸ್ಟೋರಿನಲ್ಲಿ ಇಟ್ಟಿತಲ್ಲ, ಅದನ್ನು ಇಳಿಸಿಕೊಡಬೇಕು. ಪಿಂಚಣಿಯ ಸಂದೇಶ ಹುಡುಕಿಕೊಡಬೇಕು. ಬಂದವರ ಕೈಯಲ್ಲಿರುವುದೆಲ್ಲ ಆಂಡ್ರಾಯ್ಡೇ. ದೇಶದಲ್ಲಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸ್ಮಾರ್ಟ್‌ಫೋನುಗಳು ಅವೇ ಅಲ್ಲವೇ? ನಾನು ಬೇರೆ ಜಾತಿಯ ಫೋನಿಗೆ ಹೋದರೆ ಗುಂಡಿ ಎಲ್ಲಿದೆ, ಪಟ್ಟಿ ಎಲ್ಲಿದೆ ಎಂಬುದೇ ನನಗೆ ಮರೆತುಹೋದೀತು. ಮಕ್ಕಳ ಕೈಯಲ್ಲಿ ಒಂದು ಪಠ್ಯಪುಸ್ತಕ, ಮಾಸ್ತರನ ಕೈಯಲ್ಲಿ ಇನ್ನೊಂದು ಇದ್ದರೆ ಪಾಠ ಹೇಗೆ ನಡೆದೀತು?

ಬದಲಾವಣೆಯ ಖರ್ಚನ್ನೂ ಯಾರೂ ಹೇಳುವುದಿಲ್ಲ. ನಾವು ಶಾಲೆಯಲ್ಲಿ ನುಡಿ, ಬರಹ ತಂತ್ರಾಂಶಗಳಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡುತ್ತಿದ್ದ ಕಾಲವಿತ್ತು. ಒಂದರ ಫಾಂಟಿನಲ್ಲಿ ಬರೆದ ಕಡತವನ್ನು ಅದಿಲ್ಲದ ಗಣಕದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟ್ ಬಂದಿದ್ದರೂ, ನಮ್ಮ ಕಚೇರಿಗಳು ಎಷ್ಟೋ ವರ್ಷ ಹಳೆಯ ಫಾಂಟುಗಳಲ್ಲಿಯೇ ಉಳಿದವು. ಅಂಥ ಕಡತಗಳನ್ನು ಪರಿವರ್ತಿಸುವಾಗ ಅರ್ಕಾವೊತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಹೋದುದನ್ನು ಕುಳಿತು ತಿದ್ದಿದವರಿಗೆ ಗೊತ್ತು, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವುದು ಎಂದರೇನೆಂದು. ಫೋನಿನಲ್ಲಿಯೂ ಅದೇ ಕಥೆ. ಆಂಡ್ರಾಯ್ಡಿನ ವಾಟ್ಸಾಪ್ ಮಾತುಕತೆಗಳನ್ನು ಐಫೋನಿಗೆ ಸಾಗಿಸುವ ಅಧಿಕೃತ ದಾರಿ ತೆರೆದುದೇ 2022ರಲ್ಲಿ. ಹಣ ಕೊಟ್ಟು ಕೊಂಡ ಆ್ಯಪುಗಳಂತೂ ಆ ಅಂಗಡಿಯಿಂದ ಈ ಅಂಗಡಿಗೆ ಬರುವುದಿಲ್ಲ. ಮತ್ತೆ ಕೊಳ್ಳಬೇಕು.

ಹಾಗೆಂದು ಗೂಗಲ್ಲಿನವರು ಸಂತರೆಂದು ನಾನು ಹೇಳಿದೆನೆಂದು ಯಾರೂ ಭಾವಿಸಬಾರದು. ಫೋನು ತಯಾರಕರ ಮೇಲೆ ತಮ್ಮ ಆ್ಯಪುಗಳ ಗುಚ್ಛವನ್ನು ಹೇರಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಅವರಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ನಮ್ಮ ಬೆನ್ನ ಹಿಂದೆ ನಿಂತು ನಾವು ಏನು ನೋಡುತ್ತೇವೆಂದು ಬರೆದುಕೊಳ್ಳುವುದೇ ಅವರ ಉದ್ಯಮ. ಆಪಲ್ಲಿನವರು ಈ ವಿಷಯದಲ್ಲಿ ಮೇಲು ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಗೂಗಲ್ಲನ್ನು ಬಿಟ್ಟು ಆಪಲ್ಲಿಗೆ ಹೋಗುವುದನ್ನು ಸ್ವಾತಂತ್ರ್ಯ ಎಂದು ಕರೆಯಬೇಡಿ. ಒಬ್ಬ ಸಾಹುಕಾರನ ಸಾಲ ತೀರಿಸಲು ಇನ್ನೊಬ್ಬ ಸಾಹುಕಾರನ ಹೊಸ್ತಿಲು ತುಳಿಯುವುದನ್ನು ನಮ್ಮ ಸೀಮೆಯ ರೈತರು ಚೆನ್ನಾಗಿ ಬಲ್ಲರು. ಸ್ವದೇಶಿ ಎಂದು ಸದ್ದು ಮಾಡಿದ ಭರೋಸ್ ಕೂಡ 2023ರಲ್ಲಿ ಬಂದುದು ಆಂಡ್ರಾಯ್ಡಿನ ಮುಕ್ತ ತಳಹದಿಯ ಮೇಲೆಯೇ.

ಆದುದರಿಂದ ನನ್ನ ಕೋರಿಕೆ ಇಷ್ಟು. ಐಫೋನು ಇರುವವರು ಅದನ್ನು ಎಸೆಯಬೇಕಾಗಿಲ್ಲ. ಸೆಟ್ಟಿಂಗ್ಸಿನಲ್ಲಿ ಸಾಮಾನ್ಯ ವಿಭಾಗಕ್ಕೆ ಹೋಗಿ, ಭಾಷೆ ಮತ್ತು ಪ್ರದೇಶ ಎಂಬಲ್ಲಿ ಕನ್ನಡವನ್ನು ಆರಿಸಿಕೊಳ್ಳಲಿ. ಆಂಡ್ರಾಯ್ಡಿನವರು ಸಿಸ್ಟಮ್ ವಿಭಾಗದಲ್ಲಿ ಭಾಷೆಯನ್ನು ಹುಡುಕಲಿ. ಕೆಲವು ಕಂಪನಿಗಳ ಫೋನಿನಲ್ಲಿ ಅದು ಬೇರೆ ಹೆಸರಿನ ಕೆಳಗೆ ಅಡಗಿರುತ್ತದೆ. ಜಮಖಂಡಿ, ಬನಹಟ್ಟಿ, ಮುಧೋಳಗಳ ಮೊಬೈಲ್ ಅಂಗಡಿಯವರು ಫೋನು ಮಾರುವಾಗ ಗಾಜಿನ ಹೊದಿಕೆ ಬೇಕೇ, ಕವರು ಬೇಕೇ ಎಂದು ತಪ್ಪದೆ ಕೇಳುತ್ತಾರೆ. ಯಾವ ಭಾಷೆ ಹಾಕಿಕೊಡಲಿ ಎಂದೂ ಕೇಳಲಿ.

ಬೆಂಗಳೂರಿನಲ್ಲಿರುವ ನನ್ನ ಮಗ ಬರುವ ದೀಪಾವಳಿಗೆ ತನ್ನ ಹಳೆಯ ಐಫೋನನ್ನು ನನಗೆ ತಂದುಕೊಡುವುದಾಗಿ ಹೇಳಿದ್ದಾನೆ. ತರಲಿ. ಅದನ್ನು ಕನ್ನಡಕ್ಕೆ ತಿರುಗಿಸಿ ಎರಡು ದಿನ ಇಟ್ಟುಕೊಳ್ಳುತ್ತೇನೆ, ಅನುವಾದದ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ಆ ಹಾಳೆಯನ್ನು ಕಂಪನಿಗೆ ಕಳಿಸುವ ಕೆಲಸ ಅವನದು. ಫೋನನ್ನೂ ಅವನೇ ಮರಳಿ ಒಯ್ಯಲಿ.