ಷೂ ಕಚ್ಚುವ ಪೆಡಲ್

ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯೋ ಮಕ್ಕಳು ‘ಕ್ಲಿಪ್‌ಲೆಸ್’ ಪೆಡಲ್ ಬೇಕೆಂದು ಹಟ ಹಿಡಿದರೆ ಗಾಬರಿಯಾಗಬೇಡಿ, ಸೋದರಿಯರೇ. ಹೆಸರು ಹಾಗಿದ್ದರೂ ಅದು ಷೂವನ್ನು ಕಚ್ಚಿ ಹಿಡಿಯುತ್ತೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತೆ. ಬೀಳೋ ಹೊತ್ತಿಗೆ ಕಾಲು ಬಿಡಿಸಿಕೊಳ್ಳಲು ಬರಬೇಕು, ಅದೇ ಮುಖ್ಯ. ಆದ್ದರಿಂದ ಸ್ಪ್ರಿಂಗಿನ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪು ಇರೋದನ್ನೇ ಕೊಳ್ಳಿ; ಹೊಸಬರಿಗೆ ಸಡಿಲವೇ ಕ್ಷೇಮ. ಮೊದಲು ಹುಲ್ಲಿನ ಮೇಲೆ ಅಭ್ಯಾಸವಾಗಲಿ.

ಬಾಳಿಕೆ ಬೇಕೆ? ಹಗುರವೆಂದು ಮರುಳಾಗದೆ, ಉಕ್ಕಿನ ಆಕ್ಸಲ್ ಇರುವ, ಬೇರಿಂಗ್ ಬಿಚ್ಚಿ ಗ್ರೀಸ್ ಹಾಕಬಹುದಾದದ್ದನ್ನು ಆರಿಸಿ. ಶಿಮಾನೋ 1990ರಲ್ಲಿ ತಂದ ಎಸ್‌ಪಿಡಿ ಮಾದರಿಯಲ್ಲಿ ಷೂವಿನ ತಳದ ಕ್ಲೀಟ್ ಸವೆದರೆ ಅದನ್ನಷ್ಟೇ ಬದಲಿಸಿದರಾಯ್ತು. ಕೆಸರಾದರೆ ತೊಳೆದು, ಒರೆಸಿ, ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡಿ. ಪೆಡಲ್ ಬಿಚ್ಚುವಾಗ ಎಡಗಡೆಯದರ ಮರೆ ಉಲ್ಟಾ, ನೆನಪಿರಲಿ!