ಮೊಮ್ಮಗನ ರೈಲು ಮತ್ತು ಒಂದು ಮಲ್ಟಿಮೀಟರ್

ಕಳೆದ ಆಷಾಢದಲ್ಲಿ ಮಗಳು ಮತ್ತು ಅಳಿಯ ಜರ್ಮನಿಯಿಂದ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಾಗ, ಹದಿಮೂರು ವರ್ಷದ ಮೊಮ್ಮಗನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹಳಿಗಳೇ ಹೆಚ್ಚಾಗಿದ್ದವು. 16.5 ಮಿಲಿಮೀಟರ್ ಅಂತರದ ಜೋಡಿ ಹಳಿ. ಅದರ ಮೇಲೆ, ನಿಜವಾದ ಎಂಜಿನ್ನಿನ ಉದ್ದದಲ್ಲಿ 87ನೇ ಒಂದು ಪಾಲಿನಷ್ಟಿರುವ ಪುಟ್ಟ ಎಂಜಿನ್ನುಗಳು. ನಡುಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಜಾಗವೆಲ್ಲ ರೈಲ್ವೆ ಇಲಾಖೆಯ ವಶವಾಯಿತು. ನನ್ನಾಕೆ ಗೊಣಗಿದಳು, ಆದರೆ ಪೊರಕೆಯನ್ನು ಮಾತ್ರ ಹಳಿಗೆ ತಾಗಿಸಲಿಲ್ಲ.

ನಾನು ಮೊದಲು ಪಾಂಡವಪುರ ತಾಲ್ಲೂಕಿನಲ್ಲಿ ಉಪಾಧ್ಯಾಯನಾಗಿ ಸೇರಿದಾಗ ಮೈಸೂರು–ಬೆಂಗಳೂರು ಹಳಿ ಇನ್ನೂ ಮೀಟರ್ ಗೇಜ್ ಆಗಿತ್ತು. ಹಳಬರ ಬಾಯಲ್ಲಿ ಆ ಊರು ಇನ್ನೂ ಫ್ರೆಂಚ್ ರಾಕ್ಸ್. ಮುಂದೆ ನಾಗಮಂಗಲಕ್ಕೆ ವರ್ಗವಾದಾಗ, ರೈಲನ್ನು ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದ ಮಕ್ಕಳಿಗೆ ವಿದ್ಯುತ್ ಮೋಟಾರಿನ ಪಾಠ ಹೇಳಿದೆ. ಆ ತಾಲ್ಲೂಕಿನ ಬಿ.ಜಿ. ನಗರದ ಮೂಲಕ ಬೆಂಗಳೂರು–ಹಾಸನ ರೈಲು ಓಡತೊಡಗಿದ್ದು 2017ರಲ್ಲಿ. ಇರಲಿ, ವಿಷಯಕ್ಕೆ ಬರುತ್ತೇನೆ.

ಹಳೆಯ ಬಗೆಯ ಆಟದ ರೈಲಿನಲ್ಲಿ ಹಳಿಯ ವೋಲ್ಟೇಜನ್ನು ಏರಿಸಿದರೆ ವೇಗ ಹೆಚ್ಚುತ್ತದೆ, ಧ್ರುವ ಬದಲಿಸಿದರೆ ರೈಲು ಹಿಂದಕ್ಕೆ ಹೋಗುತ್ತದೆ. ಹಳಿಯ ಮೇಲಿರುವ ಎಂಜಿನ್ನುಗಳೆಲ್ಲ ಒಟ್ಟಿಗೇ ಓಡುತ್ತವೆ. ಡಿಜಿಟಲ್ ನಿಯಂತ್ರಣದಲ್ಲಿ ಹಾಗಲ್ಲ. ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ಅದರ ಧ್ರುವ ಅತಿವೇಗವಾಗಿ ಅದಲುಬದಲಾಗುತ್ತ, ಆ ಬದಲಾವಣೆಯ ಅವಧಿಗಳ ಮೂಲಕವೇ ಆಜ್ಞೆಯನ್ನು ಸಾಗಿಸುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಎಂಬ ಪುಟ್ಟ ಫಲಕವು ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಓದಿ ಮೋಟಾರನ್ನು ತಿರುಗಿಸುತ್ತದೆ. ಅಮೆರಿಕದ ಹವ್ಯಾಸಿಗಳ ಸಂಘವೊಂದು, ಜರ್ಮನಿಯ ಲೆನ್ಜ್ ಕಂಪನಿಯ ವಿಧಾನವನ್ನು ಆಧರಿಸಿ, 1990ರ ದಶಕದಲ್ಲಿ ಇದಕ್ಕೆ ಮಾನದಂಡ ರೂಪಿಸಿತು. ತಂತಿಗಳ ಬಣ್ಣವೂ ಆ ಪ್ರಕಾರ ನಿಗದಿ: ಬಲಹಳಿಗೆ ಕೆಂಪು, ಎಡಹಳಿಗೆ ಕಪ್ಪು, ಮೋಟಾರಿಗೆ ಕಿತ್ತಳೆ ಮತ್ತು ಬೂದು.

ಮೊಮ್ಮಗ ಸಂತೆಯಲ್ಲಿ ಕೊಂಡಿದ್ದ ಹಳೆಯ ಎಂಜಿನ್ನೊಂದಕ್ಕೆ ತಂದೆ–ಮಗ ಇಬ್ಬರೂ ಸೇರಿ ಡಿಕೋಡರ್ ಕೂರಿಸಿದರು. ಬಣ್ಣಕ್ಕೆ ಬಣ್ಣ ಸರಿಯಾಗಿತ್ತು. ಹಳಿಯ ಮೇಲಿಟ್ಟರು; ಎಂಜಿನ್ ಒಮ್ಮೆ ನಡುಗಿತು, ಸುಟ್ಟ ವಾಸನೆ ಬಂತು, ಎಳೆಯಷ್ಟು ಹೊಗೆ ಎದ್ದಿತು. "ಡಿಕೋಡರೇ ಕೆಟ್ಟದ್ದು ಬಂದಿತ್ತು, ಇನ್ನೊಂದು ಇದೆ, ಹಾಕೋಣ" ಎಂದರು ಅಳಿಯಂದಿರು. ಅವರು ಕಂಪ್ಯೂಟರ್ ಎಂಜಿನಿಯರು. ನಾನು ಅವರ ಕೈ ತಡೆದೆ. ಮೊದಲನೆಯದು ಏಕೆ ಸುಟ್ಟಿತೆಂದು ತಿಳಿಯದೆ ಎರಡನೆಯದನ್ನು ಬಲಿಕೊಡುವುದೇಕೆ?

ಮರುದಿನ ಎಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೊಮ್ಮಗನೊಡನೆ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಂಪ್‌ಸೆಟ್ ಸ್ಟಾರ್ಟರು, ಟೀವಿ, ಮೊಬೈಲು ರಿಪೇರಿ ಮಾಡುತ್ತಾನೆ. ಡಿಜಿಟಲ್ ರೈಲನ್ನು ಆತ ಜನ್ಮದಲ್ಲಿ ಕಂಡಿರಲಿಲ್ಲ. ಕೇಳಿದ್ದು ಒಂದೇ ಮಾತು: "ಇದನ್ನ ಹಾಕೋಕೆ ಮುಂಚೆ ಓಡ್ತಿತ್ತಾ ಮರಿ?" ಓಡುತ್ತಿತ್ತು. ಡಿಕೋಡರಿನ ತಂತಿಗಳನ್ನೆಲ್ಲ ಬಿಡಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಬ್ರಷ್ಷಿಗೂ ಇನ್ನೊಂದನ್ನು ಚಕ್ರಕ್ಕೂ ಮುಟ್ಟಿಸಿದ. ಎಡಚಕ್ರಕ್ಕೆ ಸದ್ದಿಲ್ಲ. ಬಲಚಕ್ರಕ್ಕೆ ಮೀಟರು ಪೀಪ್ ಎಂದಿತು.

ಮೋಟಾರಿನ ಕೆಳಗಣ ಬ್ರಷ್ಷಿನ ಪುಟ್ಟ ಸ್ಪ್ರಿಂಗ್ ಲೋಹದ ಚೌಕಟ್ಟಿಗೆ ತಾಗಿಕೊಂಡಿತ್ತು. ಹಳೆಯ ಎಂಜಿನ್ನುಗಳಲ್ಲಿ ಇದು ತಪ್ಪಲ್ಲ. ಬಲಹಳಿಯ ವಿದ್ಯುತ್ತು ಚೌಕಟ್ಟಿನ ಮೂಲಕವೇ ಮೋಟಾರಿಗೆ ಹೋಗಲೆಂದು ಹಾಗೆ ಮಾಡಿರುತ್ತಾರೆ. ಡಿಕೋಡರ್ ಬಂದ ಮೇಲೆ ಮಾತ್ರ ಹಳಿಗೂ ಮೋಟಾರಿಗೂ ನೇರ ಸಂಬಂಧ ಕೂಡದು. "ಆವಾಗ ಅದೇ ದಾರಿ ಸಾರ್, ಈಗ ಅದೇ ಕಳ್ಳದಾರಿ" ಎಂದ. ಸ್ಪ್ರಿಂಗಿನ ಕೆಳಗೆ ಶಾಖ ತಡೆಯುವ ಟೇಪು ಇಟ್ಟು, ಕಿತ್ತಳೆ ತಂತಿಯನ್ನು ನೇರವಾಗಿ ಬ್ರಷ್ಷಿಗೆ ಬೆಸೆದ. ಬೆಸೆಯುವ ಮುನ್ನ ಎರಡು ಬ್ರಷ್ಷುಗಳನ್ನೂ ಎರಡೂ ಬದಿಯ ಚಕ್ರಗಳೊಡನೆ ಮತ್ತೊಮ್ಮೆ ಅಳೆದ. ನಾಲ್ಕು ಬಾರಿಯೂ ಮೀಟರು ಮೌನ.

ಮನೆಯಲ್ಲಿ ಎರಡನೆಯ ಡಿಕೋಡರನ್ನು ಕೂರಿಸಿ, ಈ ಬಾರಿ ಪ್ರೋಗ್ರಾಮಿಂಗ್ ಹಳಿಯ ಮೇಲೆ ಇಟ್ಟೆವು. ಅಲ್ಲಿ ವಿದ್ಯುತ್ತು ಮಿತವಾಗಿರುವುದರಿಂದ ತಪ್ಪಿದ್ದರೂ ಸುಲಭವಾಗಿ ಸುಡದು. ಮೊದಲೇ ಹಾಗೆ ಮಾಡಬೇಕೆಂದು ಕೈಪಿಡಿಯಲ್ಲೇ ಇತ್ತು! ಡಿಕೋಡರ್ ಮೋಟಾರನ್ನು ಒಂದಿಷ್ಟು ಮಿಡಿಸಿ ಉತ್ತರ ಕೊಡುತ್ತದೆ. ತನ್ನ ಸಂಖ್ಯೆ 3 ಎಂದಿತು. ದೊಡ್ಡ ಹಳಿಯಲ್ಲಿ ಓಡಿತು, ಆದರೆ ಹಿಮ್ಮುಖವಾಗಿ. ಕಿತ್ತಳೆ–ಬೂದು ತಂತಿಗಳನ್ನು ಅದಲುಬದಲು ಮಾಡಬಹುದಿತ್ತು. ಹುಡುಗ 29ನೇ ಸಂರಚನಾ ಮೌಲ್ಯವನ್ನು ತಿದ್ದಿ ಸರಿಪಡಿಸಿದ. ಕಿಟಕಿಯ ಬಳಿ ಮಾತ್ರ ತಡವರಿಸುತ್ತಿತ್ತು. ಅಲ್ಲಿ ಹತ್ತು ರೂಪಾಯಿಯ ನಾಣ್ಯವನ್ನು ಎರಡೂ ಹಳಿಗಳಿಗೆ ಅಡ್ಡಲಾಗಿ ಇಟ್ಟೆವು. ತಕ್ಷಣ ಕಡಿತಗೊಳ್ಳಬೇಕಾದ ವಿದ್ಯುತ್ತು ಕಡಿತಗೊಳ್ಳಲಿಲ್ಲ. ಹಳಿ ಕೂಡಿಸುವ ತಗಡು ಸಡಿಲವಾಗಿ, ಅಲ್ಲಿಗೆ ಸಾಕಷ್ಟು ವಿದ್ಯುತ್ತೇ ತಲುಪುತ್ತಿರಲಿಲ್ಲ. ದೋಷ ಡಿಕೋಡರಿನದೂ ಅಲ್ಲ, ಎಂಜಿನ್ನಿನದೂ ಅಲ್ಲ.

ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಕಾಯಿಲ್ ಕಟ್ಟಿಸುತ್ತಾರೆ. ಮತ್ತೆ ಸುಟ್ಟರೆ ಮತ್ತೆ ಕಟ್ಟಿಸುತ್ತಾರೆ. ಮೂರು ಫೇಸುಗಳಲ್ಲಿ ಒಂದು ಬರುತ್ತಿದೆಯೋ ಇಲ್ಲವೋ ಎಂದು ನೋಡುವವರು ಕಡಿಮೆ. ಕೆ.ಆರ್. ಪೇಟೆಯ ರೈತನೂ ನಮ್ಮ ಅಳಿಯಂದಿರೂ ಮಾಡುವ ತಪ್ಪು ಒಂದೇ ಆದರೆ, ಅದಕ್ಕೆ ಓದಿನ ಕೊರತೆ ಕಾರಣವಲ್ಲ. ಕಲಿಸಿದವರು ನಾವು, ಕಾರಣವೂ ನಾವೇ ಎಂದು ನನ್ನ ಅಭಿಪ್ರಾಯ. ಬಿ.ಎಡ್.ನಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತೆ; ಕೆಟ್ಟ ಮಂಡಲವೊಂದನ್ನು ಮಕ್ಕಳ ಮುಂದಿಟ್ಟು "ಎಲ್ಲಿ ಕೆಟ್ಟಿದೆ ಹುಡುಕಿ" ಎನ್ನುವುದನ್ನು ಕಲಿಯಲಿಲ್ಲ, ಕಲಿಸಲೂ ಇಲ್ಲ.

ಆ ರಿಪೇರಿಯವನ ವಿಷಯದಲ್ಲಿ ನಾನು ಹೇಳಿಕೊಳ್ಳಬೇಕಾದ ಸಂಗತಿಯೊಂದಿದೆ. ಹತ್ತನೇ ತರಗತಿಯಲ್ಲಿ ಓಮನ ನಿಯಮದ ಪ್ರಯೋಗ ಮಾಡಿಸುವ ದಿನ ರೋಧಕದ ತಂತಿ ತುಂಡಾಗಿತ್ತು. ಆತ ಟಾರ್ಚಿನ ಬಲ್ಬನ್ನು ಜೋಡಿಸಿ ಅಳೆದ. ವೋಲ್ಟೇಜ್ ಏರಿದಂತೆ ಭಾಗಲಬ್ಧವೂ ಏರುತ್ತ ಹೋಯಿತು. ಆತ ಹಾಗೆಯೇ ಬರೆದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪುಸ್ತಕದ ಅಂಕಿಗಳನ್ನು ನಕಲು ಮಾಡಿಕೊಳ್ಳಲು ಹೇಳಿದೆ. ಬಲ್ಬಿನ ತಂತಿ ಕಾದಂತೆ ಅದರ ರೋಧ ಹೆಚ್ಚುತ್ತದೆ. ಹುಡುಗ ಬರೆದದ್ದೇ ಸತ್ಯ. ಅದು ನನಗೆ ಆಗಲೂ ಗೊತ್ತಿತ್ತು. ತನಿಖೆಗೆ ಬರುವವರಿಗೆ ಪುಸ್ತಕದಂತಿರುವ ಅಂಕಿ ಬೇಕಿತ್ತು, ನನಗೆ ಧೈರ್ಯ ಸಾಲಲಿಲ್ಲ. ಅಂಗಡಿಯಲ್ಲಿ ಈ ಮಾತು ತೆಗೆದಾಗ ಆತ ನಕ್ಕು, ನಮಗೆ ಟೀ ತರಿಸಿದ. ರಿಪೇರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ಓದಿದ ಶಾಲೆಗೆ ಏನಾದರೂ ಕೊಡಬೇಕೆಂದು ನನ್ನನ್ನು ಕೇಳುತ್ತಿರುತ್ತೀರಿ. ಗೋಡೆಗೆ ಹಾಕುವ ದೊಡ್ಡ ಟೀವಿ ಬೇಡ. ಹತ್ತು ಮಲ್ಟಿಮೀಟರು, ಒಂದಿಷ್ಟು ಟಾರ್ಚ್ ಬಲ್ಬು, ನಿಮ್ಮ ಮನೆಯಲ್ಲಿ ಕೆಟ್ಟು ಬಿದ್ದಿರುವ ಆಟಿಕೆಗಳು ಸಾಕು. ಕೊಡುವಾಗ ಮುಖ್ಯೋಪಾಧ್ಯಾಯರಿಗೆ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕದಿರಲು ಹೇಳಿ. ನನ್ನ ಬೀರುವಿನ ಬೀಗದ ಕೈ ಮೂವತ್ತು ವರ್ಷ ನನ್ನ ಸೊಂಟದಲ್ಲೇ ಇತ್ತು.