ಆನೆಗೆ ಬಿಟ್ಟ ದಾರಿ ಮಗುವಿಗೇಕಿಲ್ಲ?

ಬಂಡೀಪುರದ ವನ್ಯಜೀವಿಗಳಿಗಾಗಿ 2009ರಿಂದ ಹೆದ್ದಾರಿಯ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವೇಗಕ್ಕಿಂತ ಜೀವ ದೊಡ್ಡದೆಂಬ ಆ ನ್ಯಾಯ ಕಾಡಿನಂಚಿನಲ್ಲೇ ಮುಗಿಯಬೇಕೇ? ಅದೇ ಊಟಿ, ವಯನಾಡು ಹೆದ್ದಾರಿಗಳು ಗುಂಡ್ಲುಪೇಟೆಯನ್ನೂ ಹಾಯುತ್ತವೆ. ಶಾಲೆಗೆ ನಡೆಯುವ ಮಗು, ತರಕಾರಿ ಹೊತ್ತ ರೈತ ಆ ವಾಹನಗಳ ನಡುವೆಯೇ ದಾಟಬೇಕು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದ ಸರ್ಕಾರ, ಅದನ್ನು ನಿರ್ಭಯವಾಗಿ ತುಳಿಯುವ ಹಾದಿಯನ್ನು ಕೊಡಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಪಾದಚಾರಿಗಳು. ರಸ್ತೆ ಅಗಲಿಸುವುದೊಂದೇ ಅಭಿವೃದ್ಧಿಯೆನ್ನುವವರು ಈ ಲೆಕ್ಕಕ್ಕೆ ಉತ್ತರಿಸಲಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಕನಿಷ್ಠ 1.8 ಮೀಟರ್ ಪಾದಚಾರಿ ಮಾರ್ಗ, ಸೈಕಲ್ಲಿಗೆ ಪ್ರತ್ಯೇಕ ಹಾದಿ, ಪೇಟೆಯೊಳಗೆ ಗಂಟೆಗೆ 30 ಕಿ.ಮೀ. ವೇಗಮಿತಿ: ಇವನ್ನು ಚಾಮರಾಜನಗರದ ನಗರಸಭೆಯಲ್ಲಿಯೂ ಗುಂಡ್ಲುಪೇಟೆಯ ಪುರಸಭೆಯಲ್ಲಿಯೂ ಒಕ್ಕೊರಲಿನಿಂದ ಕೇಳೋಣ.